ಸತ್ಯಪ್ಪ ಹಾಕಿದ ಉರಿ

ಈ ವರ್ಷದ ವೈಶಾಖದಲ್ಲಿ, ಮುದಲಗಿಯ ಒಂದು ಮದುವೆಯ ಪಂಕ್ತಿಯಲ್ಲಿ ಹುಗ್ಗಿ ತಳ ಹತ್ತಿತ್ತು. ಬಡಿಸುತ್ತಿದ್ದವನೊಬ್ಬ ಸೌಟನ್ನು ಮೂಸಿ ನೋಡಿ, “ಒಲೀ ಮುಂದ ಸತ್ಯಪ್ಪನ್ನ ಕೂಡ್ರಿಸಿದ್ರೇನೋ?” ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ವಕೀಲರೂ ನಕ್ಕರು. ಸತ್ಯಪ್ಪ ಯಾರು ಎಂದು ಅವರನ್ನು ಕೇಳಿದೆ. “ಯಾರೋ ಏನೋ ಗೊತ್ತಿಲ್ರಿ. ಅಡಿಗಿ ಕೆಟ್ಟಾಗ ಹಂಗ ಅಂತಾರ,” ಎಂದರು.

ನಾನು ಎಲೆ ಬಿಟ್ಟು ಎದ್ದೆ. ಬೀಗರು ಹುಗ್ಗಿಯ ಕಾರಣಕ್ಕೆ ಎದ್ದೆನೆಂದು ತಿಳಿದು ಕ್ಷಮೆ ಕೇಳಿದರು. ಅವರ ತಪ್ಪು ಏನೂ ಇರಲಿಲ್ಲ. ಆದರೆ ಒಬ್ಬ ಮನುಷ್ಯ ಬದುಕಿರುವಾಗಲೇ, ಅವನನ್ನು ಕಂಡೇ ಇಲ್ಲದ ಜನರ ಬಾಯಲ್ಲಿ ಅವನ ಹೆಸರು ಕೆಟ್ಟ ಅಡಿಗೆಗೆ ಪರ್ಯಾಯವಾಗಿ ನಿಂತಿರುವುದನ್ನು ನಾನು ಸಹಿಸಲಾರೆ. ಆ ಮಾತು ಹುಟ್ಟಿದ ದಿನ ನಾನು ಅಲ್ಲಿದ್ದೆ. ಅದು ಸುಳ್ಳು. ಸುಳ್ಳೆಂದು ಅಂದೇ ಗೊತ್ತಿದ್ದವರಲ್ಲಿ ನಾನೂ ಒಬ್ಬ.

ನಾನು ಕೃಷಿ ಖಾತೆಯಲ್ಲಿ ಮೂವತ್ತೊಂದು ವರ್ಷ ದುಡಿದು 1966ರ ಜೂನ್ 30ರಂದು ನಿವೃತ್ತನಾದವನು. 1957ರಿಂದ 1963ರವರೆಗೆ ಅರಭಾವಿಯಲ್ಲಿ ಮನೆ ಮಾಡಿಕೊಂಡು ಸುತ್ತಲಿನ ಒಂಬತ್ತು ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗುತ್ತಿದ್ದೆ. ದಿನಚರಿ ಬರೆಯುವುದು ನೌಕರಿಯ ಕಟ್ಟಳೆಯಾಗಿತ್ತು. ಆ ದಿನಚರಿಗಳು ನನ್ನ ಬಳಿ ಇವೆ. ಇಲ್ಲಿನ ದಿನಾಂಕಗಳೆಲ್ಲ ಅವುಗಳಿಂದ ತೆಗೆದವು. ಅದಕ್ಕೂ ಹಿಂದಿನ ಸಂಗತಿಗಳನ್ನು ಸತ್ಯಪ್ಪನ ಹೆಂಡತಿ ಗುಡ್ಡವ್ವನಿಂದ ಕೇಳಿ, ಬೇರೆ ಇಬ್ಬರಲ್ಲಿ ವಿಚಾರಿಸಿ ಬರೆದಿದ್ದೇನೆ. ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದು ಅರಭಾವಿಗೂ ಮುದಲಗಿಗೂ ನಡುವೆ, ಕಾಲುವೆಯ ನೀರು ಹರಿಯುವ ಊರು ಎಂದರೆ ಸಾಕು.

ಸತ್ಯಪ್ಪ ಹುಟ್ಟಿದ್ದು 1922ರಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ಓದಿದ. ತಂದೆ ಅವನಿಗೆ ಬಿಟ್ಟುಹೋದದ್ದು ಎರಡು ಎಕರೆ ಹತ್ತು ಗುಂಟೆ ಹೊಲ, ಮತ್ತು ಬೆಲ್ಲದ ಗಾಣದಲ್ಲಿ ಉರಿ ಹಾಕುವ ವಿದ್ಯೆ. ಎರಡನೆಯದನ್ನು ನಾನು ವಿದ್ಯೆ ಎಂದು ತಿಳಿದೇ ಬರೆಯುತ್ತಿದ್ದೇನೆ. ಕೊಪ್ಪರಿಗೆಯ ಮಗ್ಗುಲಿಗೆ ಆಳುದ್ದದ ತಗ್ಗು ಇರುತ್ತದೆ. ಅದರಲ್ಲಿ ಒಬ್ಬನೇ ಕುಳಿತು, ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಯ ಬಾಯಿಗೆ ತಳ್ಳುತ್ತಿರಬೇಕು. ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಎನ್ನುತ್ತಾರೆ. ಹಾಲು ಕಾಯುವವರೆಗೆ ಉರಿ ಮೆಲ್ಲಗೆ, ಮೇಲಿನ ಹೊಲಸು ತೆಗೆದ ಮೇಲೆ ಭರದಿಂದ, ಪಾಕ ಬರುವ ಹೊತ್ತಿಗೆ ಹಿಂದೆಗೆದು ಇರಬೇಕು. ತಗ್ಗಿನಲ್ಲಿ ಕುಳಿತವನಿಗೆ ಕೊಪ್ಪರಿಗೆ ಕಾಣುವುದಿಲ್ಲ. ಕುದಿಯುವ ಸಪ್ಪಳದ ಮೇಲೆ ಅವನು ಎಲ್ಲವನ್ನೂ ತಿಳಿಯಬೇಕು. ಸತ್ಯಪ್ಪ ತಿಳಿಯುತ್ತಿದ್ದ.

ಆ ಊರಿನಲ್ಲಿ ಸತ್ಯಪ್ಪನದೂ ಸೇರಿ ಏಳು ಮನೆಗಳು ಕೂಡಿ ಒಂದು ಗಾಣ ನಡೆಸುತ್ತಿದ್ದವು. ಕಬ್ಬು ಅರೆಯುವ ಯಂತ್ರವನ್ನೂ ಕೊಪ್ಪರಿಗೆಯನ್ನೂ ಗೋಕಾಕದ ವ್ಯಾಪಾರಿಯೊಬ್ಬರಿಂದ ಹಂಗಾಮಿನ ಬಾಡಿಗೆಗೆ ತರುವುದು; ಒಂದು ಮನೆಯ ಕಬ್ಬು ಮುಗಿದ ಮೇಲೆ ಇನ್ನೊಂದು ಮನೆಯದು; ಯಾರ ಸರದಿ ಇದ್ದರೂ ಏಳೂ ಮನೆಯವರು ಬಂದು ದುಡಿಯುವುದು. ಕೂಲಿ ಇಲ್ಲ. ಇದಕ್ಕೆ ಮುಯ್ಯಿ ಎಂದು ಹೆಸರು. ಗಾಣಕ್ಕೆ ಎಂಟು ಹತ್ತು ಆಳು ಬೇಕೇ ಬೇಕಾದುದರಿಂದ, ಮುಯ್ಯಿಯಿಂದ ಹೊರಗೆ ಬಿದ್ದ ಮನೆಯ ಕಬ್ಬು ಹೊಲದಲ್ಲೇ ಒಣಗುತ್ತದೆ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಸತ್ಯಪ್ಪನಿಗೆ ಜಡ್ಡು ಬಂದದ್ದು 1952ರ ಮಳೆಗಾಲದಲ್ಲಿ. ಮೂವರ ಧ್ವನಿಗಳು ಅವನ ಕಿವಿಯಲ್ಲಿ ಮಾತಾಡತೊಡಗಿದವು: ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಅವನು ಏನು ಮಾಡಿದರೂ ಅವರು ಅದಕ್ಕೆ ಹೆಸರಿಡುತ್ತಿದ್ದರು. ರೊಟ್ಟಿ ಮುರಿದರೆ “ಕದ್ದ ರೊಟ್ಟಿ” ಎನ್ನುವರು. ನೀರು ಹಾಯಿಸಿದರೆ “ಕೆಡಿಸಿದ, ಕೆಡಿಸಿದ” ಎನ್ನುವರು. ಆ ಮಾತು ಕೇಳಿಸಬಾರದೆಂದು ಅವನು ಕಾಲುವೆಯ ತೂಬಿನ ಹತ್ತಿರ, ನೀರು ಭೋರೆನ್ನುವಲ್ಲಿ, ಎದೆಮಟ ಇಳಿದು ನಿಲ್ಲುತ್ತಿದ್ದ. ಊರವರು ದಂಡೆಯ ಮೇಲೆ ನಿಂತು ನೋಡಿದರು. ಮಕ್ಕಳನ್ನು ಕರೆದುಕೊಂಡು ಬಂದು ತೋರಿಸಿದರು. ಆರು ವರ್ಷ ಇದು ನಡೆಯಿತು. ಈ ಆರು ವರ್ಷಗಳಲ್ಲಿ ಸತ್ಯಪ್ಪ ಯಾರ ಮೈಮೇಲಾದರೂ ಕೈ ಮಾಡಿದ ಒಂದು ದೂರೂ ಪೋಲೀಸ್ ಪಾಟೀಲರ ದಫ್ತರಿನಲ್ಲಿ ಇಲ್ಲ. ನಾನು ನೋಡಿದ್ದೇನೆ. ಅವನ ಮೇಲೆ ಕಲ್ಲು ಬಿದ್ದ ಸಂಗತಿಗಳು ಸಹಜವಾಗಿಯೇ ಅಲ್ಲಿ ದಾಖಲಾಗಿಲ್ಲ.

ಮಂದಿ ಹೇಳಿದ ದೇವರಿಗೆಲ್ಲ ನಡೆದುಕೊಂಡು, ತಾಯಿತಗಳನ್ನೆಲ್ಲ ಕಟ್ಟಿಸಿ ಗುಡ್ಡವ್ವ ಸೋತಿದ್ದಳು. ಆಗ ಧಾರವಾಡದ ದಾರಿ ತೋರಿಸಿದವನು ಅಲ್ಲಪ್ಪ. ಹುಕ್ಕೇರಿಯವನಾದ ಈತ ಪ್ರತಿ ಹಂಗಾಮಿಗೆ ಬಂದು ಇವರ ಗಾಣದಲ್ಲಿ ಪಾಕ ನೋಡುತ್ತಿದ್ದ ಹಿರಿಯ. ಅವನ ನಾದಿನಿಯೊಬ್ಬಳು ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದಿದ್ದಳು. 1958ರ ನವೆಂಬರಿನಲ್ಲಿ ಗುಡ್ಡವ್ವ ಗಂಡನನ್ನು ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿಕೊಂಡು ಹೋದಳು. ಅವನು ಅಲ್ಲಿ ನಾಲ್ಕು ತಿಂಗಳು ಇದ್ದ. ಆಗಷ್ಟೇ ಬಂದಿದ್ದ ಹೊಸ ಗುಳಿಗೆಗಳನ್ನು ಅವನಿಗೆ ಕೊಟ್ಟರು. ಧ್ವನಿಗಳು ದೂರವಾದವು, ಪೂರ್ತಿ ಹೋಗಲಿಲ್ಲ, ಪಕ್ಕದ ಮನೆಯ ಮಾತಿನಷ್ಟು ಕ್ಷೀಣವಾದವು. ಬಿಡುಗಡೆಯ ಕಾಗದದ ಮೇಲೆ ‘ಸ್ಕಿಜೋಫ್ರೇನಿಯಾ’ ಎಂದು ಬರೆದಿದೆ. ಡಾಕ್ಟರರು ಗುಡ್ಡವ್ವನಿಗೆ ಕಾಗದದ ಮಾತು ಹೇಳಲಿಲ್ಲ.

“ಗುಳಿಗಿ ನಿಂದ್ರಸಬ್ಯಾಡವಾ. ಖಾಲಿ ಕೂಡ್ರಸಬ್ಯಾಡ. ಮೊದಲ ಏನ ಕೆಲಸ ಮಾಡತಿದ್ದ?”

“ಗಾಣದಾಗ ಉರಿ ಹಾಕತಿದ್ರಿ.”

“ಹಾಕಲಿ. ನಾಕ ಮಂದಿಯೊಳಗ ಇರಲಿ. ಅರ್ಧಾ ಔಷಧ ನನ್ನ ಹಂತೇಕ ಐತಿ, ಇನ್ನರ್ಧಾ ನಿಮ್ಮೂರಾಗ ಐತಿ.”

ಆ ಡಾಕ್ಟರರು ನಮ್ಮ ಊರುಗಳ ಮೇಲೆ ಇಷ್ಟು ನಂಬಿಕೆ ಇಟ್ಟದ್ದು ಅವರ ದೊಡ್ಡತನ.

ಗುಳಿಗೆಯಿಂದ ಸತ್ಯಪ್ಪನ ಕೈ ಸ್ವಲ್ಪ ನಡುಗುತ್ತಿತ್ತು, ನಡಿಗೆ ಬಿಗಿಯಾಗಿತ್ತು. ಆದರೆ ಸಿಪ್ಪೆ ತಳ್ಳಲು ಅಷ್ಟು ಕೈ ಸಾಕು. ತಗ್ಗಿನ ಏಕಾಂತ, ಒಂದೇ ಹದದ ಕೆಲಸ, ಕುದಿಯುವ ಸಪ್ಪಳ, ಇವೆಲ್ಲ ಅವನಿಗೆ ಹಿತವಾಗಿದ್ದವು. 1959–60ರ ಹಂಗಾಮು ಪೂರ್ತಿ ಏಳೂ ಮನೆಯ ಬೆಲ್ಲಕ್ಕೆ ಅವನೇ ಉರಿ ಹಾಕಿದ. ನೂರ ನಲವತ್ತೆರಡು ಕೊಪ್ಪರಿಗೆಗಳು ಇಳಿದವು. ಒಂದೂ ಕೆಡಲಿಲ್ಲ. ಆಗ ಯಾರೂ ಈ ಬೆಲ್ಲಕ್ಕೆ ‘ಸತ್ಯಪ್ಪನ ಉರಿ’ ಎಂದು ಹೆಸರಿಡಲಿಲ್ಲ ಎಂಬುದನ್ನು ಗಮನಿಸಬೇಕು.

1961ರ ಜನವರಿ 19, ಗುರುವಾರ. ಅಂದು ಯಲ್ಲಾರಿಯ ಕಬ್ಬಿನ ಸರದಿ ಶುರುವಾಯಿತು. ಯಲ್ಲಾರಿ ಗಾಣದ ಮುಖಂಡ. ಏಳು ಮನೆಗಳಲ್ಲಿ ಹೆಚ್ಚಿನ ಹೊಲ ಅವನದೇ. ಮೊದಲ ಕೊಪ್ಪರಿಗೆಯನ್ನು ಇಳಿಸಿ ಕಟ್ಟಿಗೆಯ ಗುದ್ದಲಿಯಿಂದ ತಿರುವಿದರು. ತಿರುವಿದಷ್ಟೂ ಅದು ಕಾಕಂಬಿಯಂತೆ ಜಿನುಗಿತು, ಗಟ್ಟಿಯಾಗಲಿಲ್ಲ. ಎರಡನೆಯದೂ ಹಾಗೆಯೇ ಆಯಿತು. ನಾನು ಮಧ್ಯಾಹ್ನ ಅಲ್ಲಿಗೆ ಹೋಗುವ ಹೊತ್ತಿಗೆ ಯಲ್ಲಾರಿ ತಗ್ಗಿನ ಅಂಚಿನಲ್ಲಿ ನಿಂತು ಕೂಗುತ್ತಿದ್ದ.

“ಏನ ಉರಿ ಹಾಕೀಯೋ, ಹುಚ್ಚ ಸೂಳಿಮಗನ!”

“ದಿನಾ ಹಾಕಿದ್ದ ಹಾಕೇನಿ, ಮಾವಾ,” ಎಂದ ಸತ್ಯಪ್ಪ, ಒಳಗಿನಿಂದ.

ಅಲ್ಲಪ್ಪ ಸೌಟಿನಲ್ಲಿ ಪಾಕ ಎತ್ತಿ ನೋಡುತ್ತ, “ಉರಿ ಬರೋಬ್ಬರಿ ಇತ್ರಿ. ಹಾಲಿನಾಗ ಏನೋ ಐತಿ,” ಎಂದ.

“ಹಾಲು ನನ್ನ ಹೊಲದ್ದು. ನನ್ನ ಹೊಲದಾಗ ಏನ ಇರತೈತಿ?”

“ಅದನ್ನ ನಿಮ್ಮ ಹೊಲಾ ಕೇಳ್ರಿ. ನಾ ಕೊಪ್ಪರಿಗಿ ಕೇಳಾಂವ.”

ಹಾಲಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಕಬ್ಬಿಗೆ ಮಣ್ಣು ಏರಿಸಿದ ಮೇಲೆ, ಅಂದರೆ ಜೂನ್ ಕಳೆದ ಮೇಲೆ, ಅಮೋನಿಯಂ ಸಲ್ಫೇಟ್ ಹಾಕಬಾರದು. ಹಾಕಿದರೆ ಕಬ್ಬು ಹಸಿರಾಗಿ, ದಪ್ಪವಾಗಿ, ನೋಡಲು ಚೆಂದವಾಗಿ ಬೆಳೆಯುತ್ತದೆ; ಬೆಲ್ಲ ಮಾತ್ರ ಗಟ್ಟಿಯಾಗುವುದಿಲ್ಲ. ಯಲ್ಲಾರಿಯ ಹೊಲ ಕಾಲುವೆಯ ಕೆಳಗೆ ಬಸಿ ನೀರು ನಿಂತು ಉಪ್ಪೇರಿದ ಸವಳು ಜಾಗ. ಅದು ಎರಡನೆಯ ಕಾರಣ. 1960ರ ಅಕ್ಟೋಬರ್ 11ರಂದು ಅವನು ಜೋಳಕ್ಕೆಂದು ಹೇಳಿ ಆ ಗೊಬ್ಬರದ ನಾಲ್ಕು ಚೀಲ ಒಯ್ದ. ಅದನ್ನು ಅವನು ಕಬ್ಬಿಗೆ ಸುರಿಯುತ್ತಿದ್ದುದನ್ನು ನಾನು ಮೂರು ದಿನಗಳ ನಂತರ ಕಣ್ಣಾರೆ ಕಂಡು ಬೇಡವೆಂದಿದ್ದೆ. ಅವನು ನಕ್ಕಿದ್ದ. ಆ ನಾಲ್ಕು ಚೀಲ ಕೊಡಿಸಿದ ಚೀಟಿಯ ಮೇಲಿನ ಸಹಿ ನನ್ನದು.

ಮರುದಿನ ಚಾವಡಿಯಲ್ಲಿ ಏಳು ಮನೆಯವರು ಕೂಡಿದರು. ನನಗೆ ಕುರ್ಚಿ ಹಾಕಿದ್ದರು. ಸತ್ಯಪ್ಪನನ್ನು ಕರೆಯಲಿಲ್ಲ, ಗುಡ್ಡವ್ವ ಕಂಬದ ಮರೆಗೆ ನಿಂತಿದ್ದಳು. ಹುಚ್ಚನ ಕೈಯ ಉರಿಗೆ ಬೆಲ್ಲ ಗಟ್ಟಿಯಾಗುವುದಿಲ್ಲ ಎಂದು ಯಲ್ಲಾರಿ ಸಾರಿದ. ಹಾಗೆಂದು ಅವನ ಅಜ್ಜ ಹೇಳುತ್ತಿದ್ದನಂತೆ. ಹಾಗೆ ಹೇಳಿದ್ದನ್ನು ಬೇರೆ ಯಾರೂ ಕೇಳಿರಲಿಲ್ಲ. ಐದು ನಿಮಿಷಗಳೊಳಗೆ ಎಲ್ಲರೂ ಕೇಳಿದವರಾದರು. ಕೆಟ್ಟದ್ದಕ್ಕೆಲ್ಲ ಸತ್ಯಪ್ಪನ ಹೆಸರು ಹತ್ತಿದ್ದು ಅಂದೇ.

“ಗುಡ್ಡವ್ವಾ, ಅವನ್ನ ಧಾರವಾಡಕ್ಕ ಬಿಟ್ಟು ಬಾ. ಕಾಯಂ ಬಿಟ್ಟು ಬಾ,” ಎಂದ ಯಲ್ಲಾರಿ. “ನಿನ್ನ ಕಬ್ಬು ನಾವ ಅರದು ಕೊಡತೇವಿ. ಇಲ್ಲಾಂದ್ರ ಮುಯ್ಯಿ ಇಲ್ಲ.”

“ಕಬ್ಬು ಈ ವರ್ಷ ಒಣಗಿದ್ರ ಬರೂ ವರ್ಷ ಬೆಳೀತೈತಿ, ಮಾವಾ. ಗಂಡನ್ನ ಬರೂ ವರ್ಷ ಎಲ್ಲಿ ಬೆಳೀಲಿ?”

“ಹುಚ್ಚನ ಬಾಜೂ ಮಲಗಿ ಮಲಗಿ ಇಕೀಗೂ ಹತ್ತೈತಿ ನೋಡ್ರೆಪಾ!” ಎಂದು ಹಿಂದಿನಿಂದ ಯಾರೋ ಅಂದರು. ಚಾವಡಿ ನಕ್ಕಿತು.

ನಾನು ಬಾಯಿ ತೆರೆಯಬೇಕಾಗಿದ್ದ ಗಳಿಗೆ ಅದು. ಯಲ್ಲಾರಿ ನನ್ನ ಕುರ್ಚಿಯ ಹತ್ತಿರ ಬಗ್ಗಿ, ಎಲೆ ಅಡಿಕೆ ಕೊಡುವ ನೆಪದಲ್ಲಿ, “ಸಾಹೇಬ್ರ, ಜ್ವಾಳದ ಚೀಟಿ ಮ್ಯಾಲೆ ಕಬ್ಬಿನ ಗೊಬ್ಬರಾ ಕೊಟ್ರಿ ಅಂತ ಮ್ಯಾಲಿನವ್ರಿಗೆ ತಿಳದ್ರ ನಿಮಗ ತ್ರಾಸ ಆಕ್ಕೈತ್ರಿ. ನಾ ಏನ ಹೇಳಾಂವಲ್ಲ,” ಎಂದ. ನನಗೆ ಆಗ ಐವತ್ತು ವರ್ಷ. ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳಿದ್ದರು. ನಾನು ಎಲೆ ಅಡಿಕೆ ತೆಗೆದುಕೊಂಡೆ. ಎಂಟು ದಿನ ಸುಮ್ಮನಿದ್ದೆ. ಊರವರ ಮೇಲೆ ನಾನು ಸಿಟ್ಟು ಮಾಡುವುದಾದರೆ ಆ ಎಂಟು ದಿನಗಳ ಲೆಕ್ಕವನ್ನೂ ಇಲ್ಲೇ ಕೊಡಬೇಕು.

ಅಲ್ಲಪ್ಪ ನನ್ನಷ್ಟು ಹೇಡಿಯಲ್ಲ. ಒಂದು ಪರೀಕ್ಷೆಯಾಗಲಿ ಎಂದು ಅವನು ಹಟ ಹಿಡಿದ. ಶನಿವಾರ, ಜನವರಿ 21ರಂದು, ಸತ್ಯಪ್ಪನನ್ನು ಮನೆಯಲ್ಲಿ ಕೂರಿಸಿ, ಯಲ್ಲಾರಿಯ ತಮ್ಮನನ್ನೇ ಒಲೆಗೆ ಇಳಿಸಿ, ಯಲ್ಲಾರಿಯದೇ ಕಬ್ಬಿನ ಇನ್ನೊಂದು ಕೊಪ್ಪರಿಗೆ ಕಾಯಿಸಿದರು. ಅದೂ ಕಾಕಂಬಿಯಾಯಿತು. ಅಲ್ಲಪ್ಪ ಗುದ್ದಲಿ ಇಟ್ಟು, “ಈಗ ಹೇಳ್ರಿ,” ಎಂದ.

ಯಾವ ಊರಿನಲ್ಲಾದರೂ ಪ್ರಕರಣ ಅಲ್ಲಿಗೆ ಮುಗಿಯಬೇಕು. ಇಲ್ಲಿ ಯಲ್ಲಾರಿ ತಲೆ ಕೆರೆದುಕೊಂಡು, “ನಿನ್ನಿ ಸಂಜೀಮುಂದ ಅವ ಈ ದಾರೀಲೆ ಹಾದು ಹೋಗ್ಯಾನ. ಗಾಣದ ಕಡೆ ನೋಡ್ಯಾನ. ದೃಷ್ಟಿ ಬಿದ್ದೈತಿ,” ಎಂದ. ಉಳಿದವರು ಹೌದೆಂದರು. ಮುಂದಿನ ವಾರ ಬೇರೆ ಮನೆಯ ಕಬ್ಬಿನ ಸರದಿ ಬಂತು. ಆ ಹೊಲಕ್ಕೆ ಅಕ್ಟೋಬರಿನಲ್ಲಿ ಗೊಬ್ಬರ ಬಿದ್ದಿರಲಿಲ್ಲ. ಬೆಲ್ಲ ಕಲ್ಲಿನಂತೆ ಗಟ್ಟಿಯಾಯಿತು. ಸತ್ಯಪ್ಪ ಒಲೆ ಬಿಟ್ಟದ್ದರಿಂದ ಬೆಲ್ಲ ಸರಿಯಾಯಿತೆಂದು ಸಿದ್ಧವಾಯಿತು. ಹಿಂದಿನ ಹಂಗಾಮಿನ ನೂರ ನಲವತ್ತೆರಡು ಕೊಪ್ಪರಿಗೆಗಳನ್ನು ಉಳಿದ ಆರು ಮನೆಗಳೂ ಒಟ್ಟಾಗಿ ಮರೆತವು. ಹುಚ್ಚು ಎಂಬ ಶಬ್ದವನ್ನು ನಾವು ಯಾರಿಗೆ ಬಳಸುತ್ತೇವೆ, ಯಾರಿಗೆ ಬಳಸುವುದಿಲ್ಲ ಎಂಬುದು ನನಗೆ ಇಂದಿಗೂ ಆಶ್ಚರ್ಯದ ವಿಷಯ.

ಜನವರಿ 27ರಂದು ಕಾಲುವೆಯ ದಂಡೆಯ ಮೇಲೆ ಸತ್ಯಪ್ಪ ನನ್ನ ಸೈಕಲ್ ನಿಲ್ಲಿಸಿದ. ಗಡ್ಡ ಬೆಳೆದಿತ್ತು. ಗುಡ್ಡವ್ವ ಹತ್ತು ಹೆಜ್ಜೆ ಹಿಂದೆ ನಿಂತಿದ್ದಳು.

“ಸಾಹೇಬ್ರ, ಒಂದ ಮಾತು ಕೇಳತೇನಿ, ಖರೆ ಹೇಳ್ರಿ,” ಎಂದ. “ಧಾರವಾಡದಾಗ ಡಾಕ್ಟರ ಹೇಳಿದ್ರು, ‘ಕೆಡಿಸಿದಿ ಕೆಡಿಸಿದಿ’ ಅಂತ ಕೇಳತೈತೆಲ್ಲ, ಅದು ನಿನ್ನ ಕಿವಿಯಾಗಷ್ಟ ಐತಿ, ಹೊರಗ ಯಾರೂ ಅನವಲ್ರು, ಅಂತ. ಎರಡ ವರ್ಷ ಹಂಗ ತಿಳಕೊಂಡ ಇದ್ದೆ. ಈಗ ಹೊರಗೂ ಅನ್ನಾಕತ್ತಾರು. ಇದು ಕಿವಿಯಾಗಿಂದೋ, ಮಂದೀದೋ? ನನಗ ತಿಳೀವಲ್ದು.”

ನಾನು ಸೈಕಲ್ ಸ್ಟ್ಯಾಂಡ್ ಹಾಕಿ ಇಳಿದೆ. ಒಬ್ಬ ಮನುಷ್ಯ ಆರು ವರ್ಷ ನರಳಿ, ಎರಡು ವರ್ಷ ಶ್ರಮಪಟ್ಟು, ಇಲ್ಲದ ಧ್ವನಿಯನ್ನು ಇಲ್ಲವೆಂದು ಗುರುತಿಸಲು ಕಲಿತಿದ್ದ. ಅವನ ಜಡ್ಡು ಯಾವ ಮಾತುಗಳಿಂದ ಅವನನ್ನು ಹಿಂಸಿಸಿತ್ತೋ ಅದೇ ಮಾತುಗಳನ್ನು ಈಗ ಊರು ಅಕ್ಷರಶಃ ಆಡುತ್ತಿತ್ತು. ಧಾರವಾಡದಲ್ಲಿ ಕಟ್ಟಿದ್ದನ್ನು ಚಾವಡಿ ಒಂದು ವಾರದಲ್ಲಿ ಕೆಡವಿತ್ತು.

“ಮಂದಿ ಅನ್ನಾಕತ್ತಾರ, ಸತ್ಯಪ್ಪಾ. ಅದು ನಿನ್ನ ಕಿವಿಯಾಗಿಂದಲ್ಲ,” ಎಂದೆ. “ಆದ್ರ ಅವ್ರು ಹೇಳೂದು ಸುಳ್ಳು. ಬೆಲ್ಲ ಕೆಟ್ಟದ್ದು ಗೊಬ್ಬರದಿಂದ. ನನಗ ಗೊತ್ತೈತಿ.”

“ನಿಮಗ ಗೊತ್ತಿತ್ತೇನ್ರಿ?” ಎಂದು ಕೇಳಿದವಳು ಗುಡ್ಡವ್ವ. ಅವಳ ಧ್ವನಿ ಎತ್ತರವಿರಲಿಲ್ಲ. “ಯಾವಾಗಿಂದ ಗೊತ್ತೈತ್ರಿ?”

ಮರುದಿನ, 28ರಂದು, ಚಾವಡಿಗೆ ಹೋಗಿ ಎಲ್ಲರೆದುರು ಚೀಟಿಯ ಸ್ಥಳಪ್ರತಿಯನ್ನು ಓದಿದೆ, ದಿನಾಂಕ ಹೇಳಿದೆ, ನನ್ನ ಸಹಿಯನ್ನೂ ಒಪ್ಪಿಕೊಂಡೆ. ಯಲ್ಲಾರಿ ಕೊನೆಯವರೆಗೆ ಕೇಳಿ, “ಸಾಹೇಬ್ರಿಗೂ ಧಾರವಾಡದಿಂದ ಎರಡ ಗುಳಿಗಿ ತರಸ್ರೆಪಾ,” ಎಂದ. ಅಂದು ಚಾವಡಿಯಲ್ಲಿ ಎದ್ದಂಥ ನಗುವನ್ನು ನಾನು ಇನ್ನೆಲ್ಲಿಯೂ ಕೇಳಿಲ್ಲ. ಮೇಲಿನ ಕಚೇರಿಗೆ ಬರೆದ ವರದಿಗೆ, ಗ್ರಾಮಸ್ಥರ ವೈಯಕ್ತಿಕ ಕಲಹಗಳಲ್ಲಿ ಖಾತೆಯ ನೌಕರರು ತಲೆ ಹಾಕಕೂಡದು ಎಂದು ಉತ್ತರ ಬಂತು. ಗೊಬ್ಬರದ ಚೀಟಿಯ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ನಾನು ಎಂಟು ದಿನ ಯಾವುದಕ್ಕೆ ಹೆದರಿದ್ದೆನೋ ಅದು ಯಾರಿಗೂ ಬೇಕಾಗಿರಲಿಲ್ಲ.

ಗುಡ್ಡವ್ವನ ಇಪ್ಪತ್ತೈದು ಗುಂಟೆ ಕಬ್ಬು ನಿಂತೇ ಇತ್ತು. ಫೆಬ್ರವರಿಯಲ್ಲಿ ತೆನೆ ಬಿಟ್ಟು ಬಿಳಿದಾಯಿತು. ಅವಳು ಹುಕ್ಕೇರಿಗೆ, ತನ್ನ ಅಣ್ಣ ಮಾಯಪ್ಪನ ಹತ್ತಿರ, ನಾಲ್ಕು ಆಳು ಕೇಳಲು ಹೋದಳು. ಸಂತೆಯ ದಿನವಾದ್ದರಿಂದ ಮಾಯಪ್ಪ ಅವಳನ್ನು ಮನೆಗೆ ಕರೆಯದೆ ಸಂತೆಯಲ್ಲೇ ನಿಲ್ಲಿಸಿ ಮಾತಾಡಿದ. ಮಗಳ ಲಗ್ನ ಗೊತ್ತಾಗುವುದಿತ್ತು. ಬೀಗರಾಗುವವರು ಅಂದು ಮನೆಯಲ್ಲಿದ್ದರು. “ನನಗ ಒಬ್ಬಾಕಿ ತಂಗಿ ಅದಾಳ ಅಂತ ಹೇಳೇನಿ, ಆಕೀ ಗಂಡ ಸತ್ತಾನ ಅಂತ ಹೇಳೇನಿ. ನೀ ಹಿಂಗ ಬರಬ್ಯಾಡವಾ,” ಎಂದ. ಗುಡ್ಡವ್ವನ ಕೊರಳಲ್ಲಿ ತಾಳಿ ಇತ್ತು. ಅವಳು ಅಂದಿನ ಮಧ್ಯಾಹ್ನದ ಬಸ್ಸಿಗೇ ತಿರುಗಿ ಬಂದಳು.

ಉಳಿದದ್ದು ಒಂದೇ ದಾರಿ. ಊರ ಹೊರಗೆ ರಾಜಪ್ಪನ ಮನೆತನವಿತ್ತು. ಅಣ್ಣತಮ್ಮಂದಿರು, ಹೆಂಡಂದಿರು ಕೂಡಿ ಏಳು ದುಡಿಯುವ ಕೈಗಳು. ಅವರು 1957ರಲ್ಲಿ ಬೌದ್ಧರಾದವರು. ತಲೆಮಾರುಗಳಿಂದ ಊರಿನ ಕಬ್ಬು ಕಡಿದವರು, ಹೊತ್ತವರು. ಆದರೆ ಕೊಪ್ಪರಿಗೆಯ ಹತ್ತಿರ ಅವರ ನೆರಳು ಬೀಳಬಾರದಿತ್ತು. ಗುಡ್ಡವ್ವನೂ ಇದನ್ನು ಪಾಲಿಸಿದವಳೇ. ಅವಳು ಅವರ ಅಂಗಳಕ್ಕೆ ಹೋದಾಗ ರಾಜಪ್ಪನ ಹೆಂಡತಿ ತಾಯವ್ವ ಜೋಳ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

“ಬರ್ರಿ ಅಕ್ಕಾರ. ಹಾದಿ ತಪ್ಪೀತೇನ್ರಿ?”

“ಗಾಣಕ್ಕ ಆಳು ಬೇಕಾಗ್ಯಾವು, ತಾಯವ್ವಾ.”

“ಕಡಿಯಾಕ ಅಂದ್ರ ಬರತೇವಿ. ಅದಕ ನೀವ ಯಾಕ ಬಂದ್ರಿ? ಹೇಳಿ ಕಳಸಿದ್ರ ಆಕ್ಕಿತ್ತು.”

“ಕಡಿಯಾಕಲ್ಲ. ಎಲ್ಲಾದಕ್ಕೂ. ಹೊಲಸ ತಗಿಯಾಕ, ಬೆಲ್ಲ ತಿರುವಾಕ.”

ತಾಯವ್ವ ಮೊರವನ್ನು ಎರಡು ಸಲ ಜೋರಾಗಿ ಕೇರಿದಳು. “ಹೋದ ವರ್ಷ ನಮ್ಮ ಹುಡುಗಿ ಒಂದ ತಂಬಿಗಿ ಹಾಲಿಗೆ ಬಂದ್ರ ದೂರ ನಿಂದರ ಅಂತ ಕೂಗಿದ್ರಿ. ನಿಮ್ಮದ ಬಾಯಿ. ಈಗ ನಮ್ಮ ಕೈ ಚಲೋ ಆದವೇನ್ರಿ?”

“ನಾನ ಅಂದಿದ್ದೆ,” ಎಂದಳು ಗುಡ್ಡವ್ವ. “ತಪ್ಪಾತು. ಈಗ ನನಗ ಅಂತಾರಲ್ಲ, ಅದಕ ತಿಳೀತು.”

“ತಿಳೀಲಿಕ್ಕೆ ಗಂಡಗ ಜಡ್ಡು ಬರಬೇಕಾತು,” ಎಂದಳು ತಾಯವ್ವ. ಮೊರ ಕೆಳಗಿಟ್ಟಳು. “ಆತ್ರಿ, ಬರತೇವಿ. ಆದ್ರ ಕೂಲಿಗೆ ಬರೂದಿಲ್ಲ. ಮುಯ್ಯಿಗೆ ಬರತೇವಿ. ನಮ್ಮ ಹೊಲದಾಗ ಕಳೆ ತಗಿಯಾಕ ನೀವು ಬರಬೇಕು. ನಿಮ್ಮ ಯಜಮಾನ್ರೂ ಬರಬೇಕು.”

ಊರಿನ ಆರು ಮನೆಗಳು ಲೆಕ್ಕದಿಂದ ತೆಗೆದುಹಾಕಿದ ಮನುಷ್ಯನ ದಿನವನ್ನು ಒಂದು ಪೂರ್ತಿ ದಿನವೆಂದು ಮೊದಲು ಎಣಿಸಿದವಳು ತಾಯವ್ವ. ಅವಳಿಗೆ ಡಾಕ್ಟರರ ಮಾತು ಯಾರೂ ಹೇಳಿರಲಿಲ್ಲ.

ಮಾರ್ಚ್ 4ರಂದು ಉಳಿದ ಆರು ಮನೆಯವರ ಗಾಣ ಮುಗಿಯಿತು. ಗೋಕಾಕದ ವ್ಯಾಪಾರಿಯನ್ನು ಕಂಡು ಗುಡ್ಡವ್ವ ಯಂತ್ರವನ್ನೂ ಕೊಪ್ಪರಿಗೆಯನ್ನೂ ಇನ್ನು ಹತ್ತು ದಿನಗಳಿಗೆ ಉಳಿಸಿಕೊಂಡಳು. ಅಲ್ಲಪ್ಪ ಹುಕ್ಕೇರಿಗೆ ಹೊರಟಿದ್ದವನು ಗಂಟು ಬಿಚ್ಚಿದ. ಹುಚ್ಚನ ಸಂಗಡ, ಕೇರಿಯವರ ಸಂಗಡ ನಿಂತರೆ ಮುಂದಿನ ವರ್ಷ ಕರೆಯುವುದಿಲ್ಲ ಎಂದು ಯಲ್ಲಾರಿ ಅವನಿಗೆ ಹೇಳಿ ಕಳುಹಿಸಿದ್ದ. “ಪಾಕಕ್ಕ ಉರಿ ಬೇಕು. ಉರಿ ಹಾಕಾಂವ ಯಾರ ಮಗಾ ಅಂತ ಪಾಕ ಕೇಳೂದಿಲ್ಲ,” ಎಂದು ಅಲ್ಲಪ್ಪ ಹೇಳಿ ಕಳುಹಿಸಿದ.

ಮಾರ್ಚ್ 6, ಸೋಮವಾರ, ಬೆಳಿಗ್ಗೆ ಸತ್ಯಪ್ಪ ತಗ್ಗಿಗೆ ಇಳಿದ. ಇಳಿಯುವ ಮೊದಲು ಬಹಳ ಹೊತ್ತು ಅಂಚಿನಲ್ಲಿ ನಿಂತಿದ್ದ. ಗುಡ್ಡವ್ವ ಗುಳಿಗೆಯನ್ನೂ ತಂಬಿಗೆಯನ್ನೂ ಕೊಟ್ಟಳು. ಮೊದಲ ಕೊಪ್ಪರಿಗೆ ಹನ್ನೊಂದು ಗಂಟೆಗೆ ಇಳಿಯಿತು. ಕಬ್ಬು ಬಲಿತು ಹೋಗಿದ್ದರಿಂದ ಹಾಲು ಕಡಿಮೆ. ಬೆಲ್ಲದ ದೊಡ್ಡ ಅಚ್ಚಿಗೆ ಪೆಂಟೆ ಎನ್ನುತ್ತಾರೆ; ಮೂರು ಪೆಂಟೆಯಾಗಬೇಕಾದಲ್ಲಿ ಎರಡೂವರೆಯಾಯಿತು. ಆದರೆ ಬೆಲ್ಲ ಹೊಂಬಣ್ಣದ್ದು. ಮಧ್ಯಾಹ್ನದ ಹೊತ್ತಿಗೆ ಪೆಂಟೆಯ ಮೇಲೆ ಬೆರಳಿನಿಂದ ಬಡಿದರೆ ಸಪ್ಪಳ ಬರುತ್ತಿತ್ತು. ಅಲ್ಲಪ್ಪ ಒಂದು ಚೂರು ಮುರಿದು ನನ್ನ ಅಂಗೈಯಲ್ಲಿಟ್ಟ. ಒಂಬತ್ತು ದಿನಗಳಲ್ಲಿ ಇಪ್ಪತ್ತಾರು ಕೊಪ್ಪರಿಗೆಗಳು ಇಳಿದವು. ಕೆಟ್ಟವು ಎಷ್ಟು ಎಂದು ಕೇಳುವವರಿಗೆ ಉತ್ತರ: ಒಂದೂ ಇಲ್ಲ.

ಮೂರನೆಯ ದಿನ ಯಲ್ಲಾರಿ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಗಾಣಕ್ಕೆ ಬಂದವರಿಗೆ ಹಾಲು ಕೊಡದೆ ಇರಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ತಾಯವ್ವ ತಂಬಿಗೆ ತುಂಬಿ ಮುಂದೆ ಹಿಡಿದಳು. ಅವರು ತೆಗೆದುಕೊಳ್ಳಲಿಲ್ಲ. ಅವಳು ಅದನ್ನು ಅಲ್ಲೇ ನಿಂತು ತಾನೇ ಕುಡಿದಳು. ಯಲ್ಲಾರಿ ಸಾಲಾಗಿಟ್ಟ ಪೆಂಟೆಗಳನ್ನು ನೋಡಿದ. ಒಂದನ್ನು ಕಾಲ ಬೆರಳಿನಿಂದ ಮುಟ್ಟಿ ನೋಡಿದ. ಅದು ಗಟ್ಟಿ ಇತ್ತು. ಅವನು ಉದಾರಿಯಾಗಿ ಮಾತಾಡಿದ.

“ನೋಡ ಗುಡ್ಡವ್ವಾ, ಬರೂ ವರ್ಷ ನಿಮ್ಮನ್ನ ಮುಯ್ಯಿಗೆ ತಗೋತೇವಿ. ಇವ್ರನ್ನೆಲ್ಲಾ ಬಿಟ್ಟು ಬರ್ರಿ. ಅವಾ ಬೇಕಾದ್ರ ಕಬ್ಬು ಹೊರಲಿ. ಒಲೀ ಹಂತೇಕ ಮಾತ್ರ ಬ್ಯಾಡ. ಮಂದಿ ಬಾಯಿ, ನಾ ಏನ ಮಾಡ್ಲಿ?”

ಗುಡ್ಡವ್ವ ಕೊಪ್ಪರಿಗೆಯ ಹೊಲಸು ತೆಗೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ರಾಜಪ್ಪ ಗಾಣದ ಎತ್ತುಗಳನ್ನು ಹೊಡೆಯುತ್ತಲೇ ಇದ್ದ. ಹಾಲು ಭರದ ಕುದಿಗೆ ಬರುವ ಹೊತ್ತು ಅದು. ಉರಿ ಏರಬೇಕಾದ ಹೊತ್ತು. ಆಗ ತಗ್ಗಿನ ಒಳಗಿನಿಂದ ಸತ್ಯಪ್ಪನ ಧ್ವನಿ ಬಂತು. ಅವನು ನಾಲ್ಕು ಜನರೆದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಯಲ್ಲಾರಿ ಮಾವಾ, ಗಾಳಿ ಬರೂ ಬಾಯಿಗೆ ಅಡ್ಡ ನಿಂತೀರಿ. ಉರಿ ಏಳವಲ್ದು. ಬಾಜೂ ಸರೀರಿ.”

ಯಲ್ಲಾರಿ ತನ್ನ ಕಾಲ ಕೆಳಗೆ ನೋಡಿದ. ಒಲೆಗೆ ಗಾಳಿ ಎಳೆಯುವ ಕಿಂಡಿಯ ಮೇಲೆಯೇ ಅವನು ನಿಂತಿದ್ದ. ಅಲ್ಲಪ್ಪ ಕೊಪ್ಪರಿಗೆಯಿಂದ ಕಣ್ಣೆತ್ತದೆ, “ಸರೀರಿ, ಸರೀರಿ, ಹಾಲು ಕೆಡತೈತಿ,” ಎಂದ. ಮೂವರೂ ಪಕ್ಕಕ್ಕೆ ಸರಿದರು. ಉರಿ ಎದ್ದಿತು.